ಸೊಪ್ಪಿನ ಕೆಮ್ಮು

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮೂರಿನಲ್ಲಿ ಯಾರಾದರೂ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಹನಗೋಡಿನಿಂದ ನಡೆದು ಹೋಗುವಷ್ಟು ದೂರದ ಊರು ನಮ್ಮದು. ಆಷಾಢ ಕಾಲಿಟ್ಟರೆ ಬ್ಯಾರನ್‌ಗಳ ಒಲೆ ಹತ್ತುತ್ತದೆ. ಬ್ಯಾರನ್ ಎಂದರೆ ಎತ್ತರದ ಗೋಡೆಯ ಒಂದು ಕೋಣೆ. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಅದರೊಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಕೊಟ್ಟು, ಕೊಳವೆಯಲ್ಲಿ ಬಿಸಿ ಹಾಯಿಸಿ, ಐದಾರು ದಿನ ಬೆಂಕಿ ಆರದಂತೆ ಕಾಯಬೇಕು. ಹಸಿ ಸೊಪ್ಪಿನ ಘಾಟು, ಸೌದೆಯ ಹೊಗೆ, ಬೆಂದ ಸೊಪ್ಪನ್ನು ಇಳಿಸುವಾಗಿನ ದೂಳು ಸೇರಿ ಎಲ್ಲರ ಗಂಟಲೂ ಕೆರೆಯುತ್ತದೆ. ಅದಕ್ಕೆ ಸೊಪ್ಪಿನ ಕೆಮ್ಮು ಎನ್ನುತ್ತೇವೆ. ಅದನ್ನು ಕಾಯಿಲೆ ಎಂದು ಯಾರೂ ತಿಳಿಯುವುದಿಲ್ಲ. ಕೆಲಸ ಮುಗಿದು ರಾಗಿ ಕೊಯ್ಲಿಗೆ ಬರುವ ಹೊತ್ತಿಗೆ ತಾನಾಗಿಯೇ ಹೋಗುತ್ತದೆ.

ಈ ಹೆಸರಿನ ಮರೆಯಲ್ಲಿ ನನ್ನ ಹೆಂಡತಿಯ ಕಾಯಿಲೆಯನ್ನು ನಲವತ್ತು ವರ್ಷ ಬಚ್ಚಿಟ್ಟವನು ನಾನು. ಅದನ್ನು ಬರೆದುಬಿಡಬೇಕೆಂದು ಈಗ ಕುಳಿತಿದ್ದೇನೆ. ಅವಳನ್ನು ಕೇಳಿದೆ. “ಬರ್ಕಳಿ, ನನ್ನ ಹೆಸ್ರು ಮಾತ್ರ ಬರೀಬ್ಯಾಡಿ” ಎಂದಳು. ಅವಳದ್ದಿಲ್ಲದ ಮೇಲೆ ಇನ್ಯಾರದ್ದೂ ಬೇಡವೆಂದು ಯಾರ ಹೆಸರನ್ನೂ ಬರೆಯುತ್ತಿಲ್ಲ.

ಅವಳು ಕೆ.ಆರ್. ನಗರದ ಕಡೆಯವಳು. ನಾಲೆ ನೀರಿನ ಭತ್ತದ ಊರು. ಹೊಗೆಸೊಪ್ಪಿನ ಗಿಡವನ್ನು ಅವಳು ಮೊದಲು ಮುಟ್ಟಿದ್ದೇ ಮದುವೆಯಾಗಿ ನಮ್ಮೂರಿಗೆ ಬಂದ ಮೇಲೆ. ಆ ಮೊದಲ ವರ್ಷ ಬ್ಯಾರನ್ನಿಗೆ ಸೊಪ್ಪು ತುಂಬಿದ ಮೂರನೆಯ ದಿನ ಅವಳು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಿತ್ತಲಿನ ಹುಲ್ಲಿನ ಮೆದೆಯ ಹಿಂದೆ ಎರಡೂ ಕೈಯನ್ನು ಮಂಡಿಯ ಮೇಲೆ ಊರಿ ಬಗ್ಗಿ ಕೂತಿದ್ದಳು. ಕತ್ತಿನ ಗುಳಿ ಒಳಗೆ ಸೆಳೆಯುತ್ತಿತ್ತು. ಎದೆಯೊಳಗೆ ಪೀಪಿ ಊದಿದ ಹಾಗೆ ಸದ್ದು. ನನ್ನನ್ನು ಕಂಡು ಏಳಲು ಹೋದಳು, ಆಗಲಿಲ್ಲ.

ಉಸಿರು ಇಳಿದ ಮೇಲೆ ಎಲ್ಲ ಹೇಳಿದಳು. ಚಿಕ್ಕಂದಿನಿಂದಲೂ ದಮ್ಮು. ನಮ್ಮವರು ಹೆಣ್ಣು ನೋಡಲು ಹೋದ ದಿನ ಅವಳಪ್ಪ ಬಾಯಿ ಬಿಡಬಾರದೆಂದಿದ್ದರಂತೆ.

“ನಿಮ್ಮವ್ವಂಗೆ ಯೋಳ್ಬ್ಯಾಡಿ ಕಣ್ರೀ. ದಮ್ಮಿನೋಳ್ನ ಕಟ್ಟುದ್ರು ಅಂತ ತವ್ರಿಗೆ ಅಟ್ಟುಬುಡ್ತಾರೆ.”

“ಯಾರ್ಗೂ ಯೋಳಾಕಿಲ್ಲ, ಅಳ್ಬ್ಯಾಡ ಸುಮ್ಕಿರು” ಎಂದೆ.

ಆಗ ನನಗೆ ಇಪ್ಪತ್ತೈದೋ ಇಪ್ಪತ್ತಾರೋ. ಅವಳ ಬೆನ್ನು ಸವರುತ್ತಾ ಕೊಟ್ಟ ಆ ಮಾತಿನಲ್ಲಿ ಯಾವ ಕಪಟವೂ ಇರಲಿಲ್ಲ. ಅವ್ವ ಒಳಗಿನಿಂದ “ಏನ್ಲಾ ಅದು, ಆ ಪಾಟಿ ಕೆಮ್ತಾಳೆ?” ಎಂದು ಕೂಗಿದಾಗ ನಾನೇ ಉತ್ತರ ಕೊಟ್ಟೆ. “ಸೊಪ್ಪಿನ ಕೆಮ್ಮು ಕಣವ್ವ, ಒಸಬಳಲ್ವಾ.”

ಆಮೇಲೆ ಅದೇ ಅಭ್ಯಾಸವಾಯಿತು. ಹುಣಸೂರಿನ ಔಷಧಿ ಅಂಗಡಿಯಲ್ಲಿ ಊರಿನವರು ಎದುರಾದಾರು ಎಂದು ನಾವು ಪಿರಿಯಾಪಟ್ಟಣದಿಂದ ಔಷಧಿ ತರುತ್ತಿದ್ದೆವು. ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಬಂದ ಮೇಲೆ ಅವಳಿಗೆ ಎಷ್ಟೋ ಹಗುರವಾಯಿತು. ಅದನ್ನು ಹುರುಳಿ ಮಡಕೆಯೊಳಗೆ ಹುದುಗಿಸಿಡುತ್ತಿದ್ದಳು. ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯೂ ಸೇರಿಕೊಂಡಿತು. ಆ ಮಾತ್ರೆಯೂ ಅದೇ ಮಡಕೆಗೆ ಹೋಯಿತು. ಕಂಪಲಾಪುರದ ಕಡೆಗೆ ಕೊಟ್ಟಿರುವ ನಮ್ಮ ಒಬ್ಬಳೇ ಮಗಳಿಗೂ ಇದು ಗೊತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಮಾತಿಗೆ ತಪ್ಪದ ಗಂಡ ಎನ್ನಿಸಿಕೊಂಡು ಹೋಗಬಹುದಿತ್ತು. ಆದರೆ ಕೊರೊನಾ ಬರುವ ಹೊತ್ತಿಗೆ ಅವ್ವ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅವಳನ್ನು ತವರಿಗೆ ಅಟ್ಟುವವರು ಯಾರೂ ಉಳಿದಿರಲಿಲ್ಲ. ಹಾಗಿದ್ದೂ ನಾನು ಯಾರಿಂದ ಬಚ್ಚಿಡುತ್ತಿದ್ದೆ? ನಿಜ ಇಷ್ಟು: ಸೊಪ್ಪು ಬೇಯಿಸುವುದರಲ್ಲಿ ನಮ್ಮೂರಿನಲ್ಲಿ ಅವಳನ್ನು ಮೀರಿಸಿದವರಿಲ್ಲ. ಬ್ಯಾರನ್ನಿನ ಗೋಡೆಯಲ್ಲಿ ಶಾಖ ನೋಡುವ ಮಾಪಕವಿದೆ. ಅವಳಿಗೆ ಅದು ಬೇಡ. ಬಾಗಿಲನ್ನು ಒಂದು ಗೇಣು ತೆರೆದು, ಬರುವ ವಾಸನೆಗೆ ಮೂಗೊಡ್ಡಿ, “ಬಣ್ಣ ತಿರುಗ್ತಾ ಅದೆ, ಇನ್ನೆರಡು ಕೊಳ್ಳಿ ಎಳೀರಿ” ಎಂದರೆ ಮುಗಿಯಿತು. ಅವಳು ಕಾದ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ದಮ್ಮು ಎಂದು ಬಾಯಿಬಿಟ್ಟು ಹೇಳಿದರೆ ದಮ್ಮಿನವಳನ್ನು ಹೊಗೆಯ ಮುಂದೆ ಕೂರಿಸಲು ಯಾವ ಮುಖ? ಸೊಪ್ಪಿನ ಕೆಮ್ಮು ಎಂದರೆ ಕೂರಿಸಬಹುದು.

ಕೊರೊನಾದ ಎರಡನೆಯ ವರ್ಷ, ಬೇಸಿಗೆಯ ಮೊದಲಿಗೆ, ನಮ್ಮೂರಿನ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಆ ಕೆಲಸದ ಹೆಸರಿನಿಂದಲೇ ಊರಿಗೆಲ್ಲ ಅವಳು ಆಶಾ. ಊರಿನ ಸೊಸೆ, ನಮ್ಮನ್ನು ದೊಡ್ಡಪ್ಪ, ದೊಡ್ಡವ್ವ ಎನ್ನುತ್ತಾಳೆ.

“ದೊಡ್ಡಪ್ಪ, ಅರವತ್ತು ದಾಟಿದೋರ್ಗೆ ಮೊದ್ಲು ಸೂಜಿ. ನೀವು ನಾಳೆ ಬನ್ನಿ. ದೊಡ್ಡವ್ವಂಗೆ ಅರವತ್ತಾಗಿಲ್ಲ. ಆದ್ರೆ ಸಕ್ರೆ ಗಿಕ್ರೆ ಇದ್ರೆ ಈಗ್ಲೇ ಹಾಕ್ಸ್‌ಬೋದು. ಅಂಥೋರ್ಗೆ ಈ ಕಾಯ್ಲೆ ಬಂದ್ರೆ ಜೋರಾಗ್ತದಂತೆ. ಏನಾದ್ರೂ ಅದಾ?”

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಯೋಚನೆಯನ್ನೇ ಮಾಡಲಿಲ್ಲ. “ಅವ್ಳಿಗೇನಮ್ಮ, ಗುಂಡುಕಲ್ಲಿದ್ದಂಗವ್ಳೆ” ಎಂದೆ. ಮಾರನೆಯ ದಿನ ನಾನು ಹೋಗಿ ಸೂಜಿ ಹಾಕಿಸಿಕೊಂಡು ಬಂದೆ. ಅವಳ ಸರದಿ ಬರುವ ಹೊತ್ತಿಗೆ ಔಷಧಿ ಸಾಲದೆ ಬಂತು, ಜೊತೆಗೆ ಸಸಿ ನಾಟಿಯೂ ಬಂತು. ಇನ್ನೊಂದು ವಾರ, ಇನ್ನೊಂದು ವಾರ ಎನ್ನುತ್ತಾ ಹೋಯಿತು.

ಆ ಮಳೆಗಾಲದಲ್ಲಿ ಎಲ್ಲರೂ ಕಾಯಿಲೆ ಇಳಿಯಿತು ಎನ್ನುತ್ತಿದ್ದರು. ನಮ್ಮಲ್ಲಿ ಸೊಪ್ಪು ಕಟ್ಟಲು ಮುಯ್ಯಾಳು ಪದ್ಧತಿ: ಇವತ್ತು ನಿಮ್ಮ ಚಪ್ಪರದಲ್ಲಿ ನಾವು ದುಡಿದರೆ ನಾಳೆ ನಮ್ಮ ಚಪ್ಪರಕ್ಕೆ ನೀವು. ಹೆಂಗಸರು ಒತ್ತೊತ್ತಾಗಿ ಕುಳಿತು ಕಡ್ಡಿಗೆ ಸೊಪ್ಪು ಕಟ್ಟುತ್ತಾರೆ. ಕೈಗೆಲ್ಲ ಕಪ್ಪನೆಯ ಅಂಟು. ಆ ಕೈಯಲ್ಲಿ ಮಾಸ್ಕು ಮುಟ್ಟಿದರೆ ತುಟಿಯೆಲ್ಲ ಕಹಿ. ಹಾಗಾಗಿ ಎಲ್ಲರ ಮಾಸ್ಕೂ ಗದ್ದದ ಕೆಳಗೇ ಇರುತ್ತಿತ್ತು. ಒಬ್ಬಳು ಕೆಮ್ಮಿದಳು, ಇನ್ನೊಬ್ಬಳು ನಕ್ಕಳು. “ಏನಕ್ಕಾ, ಬ್ಯಾರನ್ ಅತ್ತೋಕೆ ಮುಂಚೇನೇ ಶುರು ಮಾಡ್ಬುಟ್ಟೆ?”

ನಮ್ಮ ಬ್ಯಾರನ್ ತುಂಬಿ ಒಲೆ ಹತ್ತಿಸಿದ ದಿನವೇ ಅವಳಿಗೂ ಕೆಮ್ಮು ಬಂತು. ಸೊಪ್ಪಿನ ಕೆಮ್ಮು ಎಂದುಕೊಂಡೆವು. ಅಷ್ಟು ವರ್ಷ ಊರಿಗೆ ಹೇಳಿದ ಸುಳ್ಳನ್ನು ಆ ದಿನ ನಾವೇ ನಂಬಿದೆವು. ಮಾರನೆಯ ದಿನ ಮೈ ಸುಟ್ಟಿತು. ಆಶಾ ಬಂದು ಹನಗೋಡಿನಲ್ಲಿ ಗಂಟಲಿನ ಪರೀಕ್ಷೆ ಮಾಡಿಸಿದಳು. ಕೊರೊನಾ ಎಂದು ಬಂತು.

ಆಶಾ ಬಾಗಿಲಾಚೆ ನಿಂತು ಅವಳ ಬೆರಳಿಗೆ ಆಮ್ಲಜನಕ ಅಳೆಯುವ ಸಣ್ಣ ಯಂತ್ರವನ್ನು ಕಚ್ಚಿಸಿ ನೋಡಿದಳು. ತೊಂಬತ್ತೈದು.

“ಸದ್ಯಕ್ಕೆ ಪರ್ವಾಗಿಲ್ಲ. ದೊಡ್ಡಪ್ಪ, ಇನ್ನೊಂದ್ಸಲ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಸಕ್ರೆ, ಬಿಪಿ, ದಮ್ಮು, ಕಿಡ್ನಿ ಏನಾದ್ರೂ ಇದ್ರೆ ಅಂಥೋರ್ನ ಮನೇಲಿ ಇರುಸ್ಕೊಳೋ ಅಂಗಿಲ್ಲ, ಇವತ್ತೇ ಆಸ್ಪತ್ರೆಗೆ ಕಳ್ಸಿ ಅಂದವ್ರೆ.”

ಹೆಂಡತಿ ನನ್ನ ಮುಖ ನೋಡಿದಳು. ಆ ನೋಟ ನನಗಿನ್ನೂ ನೆನಪಿದೆ. ಬೇಡುವ ನೋಟವಲ್ಲ. ನೀವು ಏನು ಹೇಳುತ್ತೀರೋ ಅದು, ಎನ್ನುವ ನೋಟ. ನನ್ನ ಕಣ್ಣು ಅವಳನ್ನು ದಾಟಿ ಬ್ಯಾರನ್ನಿನ ಹೊಗೆಗೂಡಿನ ಮೇಲೆ ಹೋಯಿತು. ಒಳಗಿನ ಸೊಪ್ಪು ಬಣ್ಣ ತಿರುಗುವ ಹೊತ್ತು. ಇವಳು ಹೋದರೆ ಆ ವಾಸನೆ ಹಿಡಿಯುವವರು ಯಾರು?

“ಏನೂ ಇಲ್ಲ ಕಣಮ್ಮ” ಎಂದೆ.

“ಅಂಗಾದ್ರೆ ಮಾತ್ರೆ ಕೊಟ್ಟಿರ್ತೀನಿ. ಬೇರೆ ಕೋಣೇಲಿ ಇರ್ಲಿ.”

ನಮ್ಮ ಮನೆಯಲ್ಲಿ ಬೇರೆ ಕೋಣೆ ಯಾವುದು? ಬ್ಯಾರನ್ನಿಗೆ ಒರಗಿದ ಚಾವಡಿ. ಒಲೆ ಕಾಯುವವರು ಮಲಗಲು ಕಟ್ಟಿದ್ದು. ಮಳೆಗಾಲದಲ್ಲಿ ಅದಕ್ಕಿಂತ ಬೆಚ್ಚನೆಯ ಜಾಗವಿಲ್ಲ. ಶೀತದ ಕಾಯಿಲೆಗೆ ಬೆಚ್ಚಗಿರಬೇಕು ಎಂದು ಬಾಯಲ್ಲಿ ಹೇಳಿಕೊಂಡೆ. ಹೊಗೆಸೊಪ್ಪಿನವರಲ್ಲದೆ ಬೇರೆ ಯಾರೂ ದಮ್ಮಿನ ಎದೆಯನ್ನು ಹೊಗೆಯ ಪಕ್ಕದಲ್ಲಿ ಮಲಗಿಸಿ ಇದೇ ಆರೈಕೆ ಎಂದುಕೊಳ್ಳಲಾರರು. ಕಂಬಳಿ ಹಾಸಿದೆ, ಬಿಸಿನೀರು ಕೊಟ್ಟೆ, ಮೆಣಸಿನ ಸಾರು ಮಾಡಿ ಕುಡಿಸಿದೆ. ಪ್ರೀತಿಯಿಂದಲೇ ಮಾಡಿದೆ. ಸಂಜೆಗೆ ಬ್ಯಾರನ್ ಬಾಗಿಲನ್ನು ಒಂದು ಗೇಣು ತೆರೆದು, “ಒಸಿ ನೋಡಮ್ಮಿ, ಸರಿಯಾಯ್ತಾ?” ಎಂದು ಕೇಳಿದ್ದೂ ನಾನೇ. ಅವಳು ಗೋಡೆ ಹಿಡಿದು ಎದ್ದು ಬಂದಳು. ಮೂಗೊಡ್ಡಿದಳು. ಇನ್ನೊಮ್ಮೆ ಎಳೆದು ನೋಡಿದಳು.

“ವಾಸ್ನೆ ಗೊತ್ತಾಯ್ತಾ ಇಲ್ಲ ಕಣ್ರೀ.”

ಅಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಸೊಪ್ಪಿನ ವಾಸನೆ ತಿಳಿಯಲಿಲ್ಲ. ತಪ್ಪು ಮಾಡಿದವಳಂತೆ ನನ್ನ ಮುಖ ನೋಡಿದಳು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಮಲಗು ಹೋಗು ಎಂದು ಮಾಪಕ ನೋಡಲು ಹೋದೆ.

ಚಾವಡಿಯಲ್ಲಿ ಮಲಗಿಸಿದ ಮೂರನೆಯ ದಿನ ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದಾಗ ಅವಳು ಹುಲ್ಲಿನ ಮೆದೆಯ ಹಿಂದೆ ಕೂತಿದ್ದ ಹಾಗೆಯೇ ಕೂತಿದ್ದಳು. ಕೈ ಮಂಡಿಯ ಮೇಲೆ, ಬೆನ್ನು ಬಗ್ಗಿ. “ಉಪ್ಪು” ಎಂದಳು. ಉಸಿರೆಳೆದುಕೊಂಡಳು. “ಸಾಲ್ದು” ಎಂದಳು. ಎರಡು ಮಾತಿಗೆ ಎರಡು ಉಸಿರು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು.

ನಾನು ಕೂಗಿಕೊಂಡ ಸದ್ದಿಗೆ ಪಕ್ಕದ ಬ್ಯಾರನ್ನಿನಿಂದ ನನ್ನ ಗೆಳೆಯ ಓಡಿಬಂದ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ತನ್ನ ಹಳೆಯ ಜೀಪು ತಂದ. ಮೂಗಿಗೆ ಟವೆಲು ಕಟ್ಟಿಕೊಂಡು ಓಡಿಸಿದ. ಹುಣಸೂರಿನ ದಾರಿಯುದ್ದಕ್ಕೂ ಅವಳ ತಲೆ ನನ್ನ ತೋಳಿನ ಮೇಲಿತ್ತು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು.

ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರು. ಬಿಳಿ ಪ್ಲಾಸ್ಟಿಕ್ ಉಡುಪಿನೊಳಗೆ ಕಣ್ಣಷ್ಟೇ ಕಾಣುತ್ತಿತ್ತು. ಮೊದಲು ಆಮ್ಲಜನಕದ ಕೊಳವೆ ಹಾಕಿಸಿ ಆಮೇಲೆ ಕೇಳಿದರು.

“ಅಜ್ಜಿ, ನಿಮ್ಗೆ ಸಕ್ಕರೆ ಕಾಯಿಲೆ ಇದ್ಯಾ? ಅಸ್ತಮಾ, ಅಂದ್ರೆ ದಮ್ಮು?”

ನಾನು ಬಾಯಿ ತೆರೆಯುವ ಮೊದಲೇ ಅವಳು ಮಲಗಿದ್ದಲ್ಲಿಂದ ತಲೆಯಾಡಿಸಿದಳು. “ಏನೂ... ಇಲ್ಲ... ಕಣವ್ವ.”

“ಸರಿಯಾಗಿ ಹೇಳಿ. ಎದೆಯೊಳಗಿನ ಊತ ಇಳಿಸೋಕೆ ಒಂದು ಇಂಜೆಕ್ಷನ್ ಕೊಡ್ಬೇಕು. ಸಕ್ಕರೆ ಇರೋರಿಗೆ ಅದು ಸಕ್ಕರೆನ ಏರಿಸಿಬಿಡತ್ತೆ. ಗೊತ್ತಿದ್ರೆ ನಾವು ನೋಡ್ಕೋತೀವಿ, ಗೊತ್ತಿಲ್ದಿದ್ರೆ ಕಷ್ಟ.”

“ಇಲ್ಲ” ಎಂದಳು ಮತ್ತೆ. ಹೇಳುವಾಗ ಅವಳು ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಊರಿನಲ್ಲಿ ಗಂಡ ಇಲ್ಲ ಎಂದು ಹೇಳಿಬಂದಿದ್ದಾನೆ, ಪರರ ಎದುರಿಗೆ ಅವನ ಮಾತು ಸುಳ್ಳಾಗಬಾರದು ಎಂದು, ಇದ್ದಷ್ಟು ಉಸಿರನ್ನು ಅದಕ್ಕೆ ಖರ್ಚು ಮಾಡುತ್ತಿದ್ದಳು.

ಆ ಮಂಚದ ಕಬ್ಬಿಣದ ಸರಳು ಹಿಡಿದುಕೊಂಡೆ.

“ಅದೆ ಮೇಡಂ. ಎರಡೂ ಅದೆ. ದಮ್ಮು ಚಿಕ್ಕೋಳಾಗಿದ್ದಾಗಿಂದ ಅದೆ. ಸಕ್ರೆ ಆರೇಳು ವರ್ಷದಿಂದ. ಸೂಜೀನೂ ಆಕ್ಸಿಲ್ಲ. ಮೂರು ದಿನದಿಂದ ಬ್ಯಾರನ್ ಪಕ್ಕ ಮಲಗ್ಸಿದ್ದೆ. ಹೊಗೇಲಿ.”

ಡಾಕ್ಟರು ಒಂದು ಗಳಿಗೆ ನನ್ನನ್ನೇ ನೋಡಿದರು. “ಮೊದ್ಲೇ ಹೇಳ್ಬಾರ್ದಿತ್ತಾ ತಾತ” ಎಂದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಸೆರಗಿನ ಗಂಟು ಬಿಚ್ಚತೊಡಗಿದಳು. ಎಲೆ ಅಡಿಕೆಗೆ ಚಿಲ್ಲರೆ ಕಟ್ಟಿಕೊಳ್ಳುವ ಗಂಟು ಅದು. ಒಳಗಿದ್ದದ್ದು ಅವಳ ಪಂಪು. ಚಾವಡಿಯಲ್ಲಿ ನಾನಿಲ್ಲದಾಗ ಎಳೆದುಕೊಳ್ಳುತ್ತಿದ್ದಳಂತೆ; ಖಾಲಿಯಾಗಿ ಒಂದು ದಿನವಾಗಿತ್ತು. ತಂದುಕೊಡಿ ಎಂದು ಕೇಳಿರಲಿಲ್ಲ. ಒಲೆ ಬಿಟ್ಟು ಪಿರಿಯಾಪಟ್ಟಣಕ್ಕೆ ಹೇಗೆ ಹೋದಾರು ಎಂದುಕೊಂಡಿದ್ದಳಂತೆ. ಅದನ್ನು ಡಾಕ್ಟರ ಅಂಗೈಗೆ ಹಾಕಿದಳು.

ನನ್ನನ್ನು ಹೊರಗೆ ಕಳಿಸಿದರು. ಜಗಲಿಯಲ್ಲಿ ಗೆಳೆಯ ಕಾಯುತ್ತಿದ್ದ. ಅವನಿಗೂ ಹೇಳಿದೆ. ಹೇಳಲು ಶುರುಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಹುಲ್ಲಿನ ಮೆದೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

“ಥೂ ನಿನ್ನ” ಎಂದ. ಎದ್ದು ಜೀಪಿನ ಕೀಲಿ ತೆಗೆದುಕೊಂಡ.

“ಎಲ್ಲಿಗ್ಲಾ?”

“ನಿನ್ನ ಬ್ಯಾರನ್‌ಗೆ ಕಣ್ಲಾ. ಬೆಂಕಿ ಆರೋಯ್ತದೆ. ಅದ್ನ ನಾವ್ ನೋಡ್ಕತೀವಿ ಬುಡು, ನೀನಿಲ್ಲೇ ಸಾಯಿ.” ಎರಡು ಹೆಜ್ಜೆ ಹೋಗಿ ತಿರುಗಿದ. “ಮುಯ್ಯಾಳ್ಗೆ ಅಂತ ಊರೋರೆಲ್ಲ ಇರೋದು ಯಾತಕ್ಲಾ? ಒಂದ್ ಮಾತು ಯೋಳಿದ್ರೆ ಆಯ್ತಿರ್ಲಿಲ್ವಾ?”

ನನ್ನನ್ನು ಮುರಿದ ಮಾತು ಅದು. ಊರಿನವರು ಸರದಿ ಮೇಲೆ ಒಲೆ ಕಾದರು. ಸೊಪ್ಪು ಅವಳು ಕಾದಷ್ಟು ಚೆಂದ ಬರಲಿಲ್ಲ, ಅಲ್ಲಲ್ಲಿ ಹಸಿರು ಉಳಿದಿತ್ತು. ಹಾಗೆಂದು ಲೋಕ ಮುಳುಗಲಿಲ್ಲ. ನಾನು ಅವಳ ಪ್ರಾಣವನ್ನು ಪಣಕ್ಕಿಟ್ಟದ್ದು ಅಷ್ಟು ವ್ಯತ್ಯಾಸಕ್ಕೆ.

ಸಂಜೆ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಅತ್ತಳು. “ನಂಗೂ ಯೋಳ್ಲಿಲ್ವಲ್ಲಪ್ಪ. ಪ್ರತಿ ಸಲ ಬಂದಾಗ್ಲೂ ಅವ್ವನ್ ಕೈಲಿ ಒಲೆ ಊದ್ಸಿದ್ನಲ್ಲಪ್ಪ ನಾನು.” ಅವಳದಲ್ಲದ ತಪ್ಪಿನ ಭಾರವನ್ನೂ ಅವಳ ಮೇಲೆ ಹೊರಿಸಿದ್ದೆ.

ಹದಿನೈದು ದಿನಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿದ್ದಳು. ಸಕ್ಕರೆ ಏರಿತು, ಇಳಿಸಿದರು. ಉಸಿರು ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಆ ಜಗಲಿಯಲ್ಲಿ ನನ್ನ ಹಾಗೆ ಕಾಯುತ್ತಿದ್ದವರಲ್ಲಿ ಕೆಲವರು ಒಬ್ಬರೇ ಊರಿಗೆ ಹಿಂತಿರುಗಿದರು. ಅವರೇನೂ ಬಚ್ಚಿಟ್ಟವರಲ್ಲ. ನಾನು ಹೆಂಡತಿಯೊಂದಿಗೆ ಮನೆಗೆ ಬಂದದ್ದು ನನ್ನ ಯೋಗ್ಯತೆಯಿಂದ ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಬಂದ ಮೇಲೆ ಅವಳನ್ನು ನಡುಮನೆಯ ಕಿಟಕಿಯ ಪಕ್ಕ ಮಲಗಿಸಿದೆ. ರಾಗಿ ಅಂಬಲಿ ಮಾಡುವುದನ್ನು ಕಲಿತೆ. ತಲೆ ಬಾಚುವುದನ್ನೂ ಕಲಿತೆ. ಕೂದಲು ಕೈಗೆ ಕಿತ್ತು ಬರುತ್ತಿತ್ತು; ಅವಳಿಗೆ ಕಾಣದ ಹಾಗೆ ಮುದುರಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಹಾಗೆ ಬಾಚುತ್ತಿದ್ದಾಗ ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು.

“ಡಾಕ್ಟ್ರಮ್ಮನ್ ಮುಂದೆ ಯಾಕ್ ಯೋಳ್ಬುಟ್ರಿ? ಯಾರ್ಗೂ ಯೋಳಾಕಿಲ್ಲ ಅಂತ ಮಾತು ಕೊಟ್ಟಿದ್ರಿ.”

ಮುಖ ಕಾಣದಿದ್ದರಿಂದ ಧೈರ್ಯ ಬಂತು. “ಮಾತು ಉಳಿಸ್ಕೊಳಾಕೆ ನಾನು ಸುಮ್ನಿದ್ದುದ್ದಲ್ಲ ಕಣಮ್ಮಿ. ನೀನು ಒಲೆ ಮುಂದೆ ಇರ್ಬೇಕಾಗಿತ್ತು ನಂಗೆ. ಆಶಾ ಕೇಳ್ದಾಗ ನಾನು ಬ್ಯಾರನ್ ನೋಡ್ದೆ. ನಿನ್ನ ನೋಡ್ಲಿಲ್ಲ.”

ಬಾಚಣಿಗೆ ಕೂದಲಲ್ಲೇ ನಿಂತಿತ್ತು.

“ಗೊತ್ತು ಕಣ್ರೀ” ಎಂದಳು. “ನೀವು ನೋಡುದ್ನ ನಾನು ನೋಡ್ದೆ.”

“ಗೊತ್ತಿದ್ದೂ ಯಾಕ್ ಸುಮ್ನಿದ್ದೆ?”

“ಬ್ಯಾರನ್ ನಂದೂ ಅಲ್ವಾ?” ಎಂದಳು. ಸ್ವಲ್ಪ ಉಸಿರೆಳೆದುಕೊಂಡು, “ಬಾಚಿ, ಯಾಕ್ ನಿಲ್ಸುದ್ರಿ” ಎಂದಳು.

ಕ್ಷಮಿಸಿದ್ದೇನೆ ಎಂದು ಅವಳು ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ.

ಮುಂದಿನ ವರ್ಷದಿಂದ ನಾವು ಬ್ಯಾರನ್ ಹೊತ್ತಿಸಿಲ್ಲ. ಆ ಜಮೀನಿಗೆ ಜೋಳ, ಶುಂಠಿ ಹಾಕುತ್ತೇವೆ. ಬೇರೆಯವರ ಬ್ಯಾರನ್ನಿನ ಹೊಗೆ ನಮ್ಮ ಕಡೆ ತಿರುಗಿದಾಗ ನಾನು ಕಿಟಕಿ ಹಾಕುತ್ತೇನೆ. ಅವಳಿಗೆ ವಾಸನೆ ಮರಳಿ ಬಂದಿದೆ. ಕಿಟಕಿ ಹಾಕುವ ಮೊದಲು ಒಂದು ಸಲ ಮೂಗೊಡ್ಡಿ, “ಬೆಂಕಿ ಜಾಸ್ತಿ ಮಾಡವ್ರೆ, ಸೊಪ್ಪು ಕಂದೋಯ್ತದೆ” ಎನ್ನುತ್ತಾಳೆ. ಪಂಪು ಈಗ ಹುರುಳಿ ಮಡಕೆಯಲ್ಲಿಲ್ಲ. ದೇವರ ಗೂಡಿನಲ್ಲಿ, ಬೆಂಕಿಪೊಟ್ಟಣದ ಪಕ್ಕ, ಬಂದವರಿಗೆಲ್ಲ ಕಾಣುವ ಹಾಗೆ ಇದೆ.

ಮೊನ್ನೆ ಊರಿನಲ್ಲಿ ಜ್ವರ ಹರಡಿದೆಯೆಂದು ಆಶಾ ಮತ್ತೆ ಮನೆಮನೆಗೆ ಬಂದಳು. ಮನೆಯಲ್ಲಿ ಯಾರಿಗೆ ಏನಿದೆ ಎಂದು ಕೇಳುವ ಮೊದಲೇ ನಾನು ಶುರುಮಾಡಿದೆ. ಇವಳಿಗೆ ದಮ್ಮು, ಸಕ್ಕರೆ, ಕೊರೊನಾ ಬಂದು ಎದೆ ಸೋತಿದೆ, ಅರವತ್ತು ದಾಟಿದೆ, ಮೆಟ್ಟಿಲು ಹತ್ತಿದರೆ ಏದುಸಿರು, ಮೊಣಕಾಲು ನೋವು...

“ಮೊಣಕಾಲು ಯಾಕ್ರೀ ಸೇರುಸ್ತೀರಿ ಅದ್ರಾಗೆ?” ಎಂದು ಹೆಂಡತಿ ಒಳಗಿನಿಂದಲೇ ರೇಗಿದಳು. “ಬುಟ್ರೆ ನಂಗಿಲ್ದಿರೋವ್ನೂ ಬರಿಸ್ತೀರಲ್ಲ.”

ಆಶಾ ನಕ್ಕಳು. “ನಿಮ್ಗೆ ದೊಡ್ಡಪ್ಪ?”

“ನಂಗೇನಮ್ಮ. ನಂಗೇನೂ ಇಲ್ಲ.”

ಹೆಂಡತಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. “ಸುಳ್ಳು ಕಣವ್ವ. ಇವ್ರು ದನದ ಕೊಟ್ಗೆ ಹಿಂದ್ಗಡೆ ಹೋಗಿ ಬೀಡಿ ಸೇದ್ತಾರೆ. ಸೇದ್ಬುಟ್ಟು ಕರಿಬೇವು ಜಗ್ದು ಬತ್ತಾರೆ, ನಂಗೆ ಗೊತ್ತಾಗಾಕಿಲ್ಲ ಅಂತ. ಬೆಳಗಾನ ಕೆಮ್ತಾರೆ. ಕೇಳುದ್ರೆ ಏನಂತಾರೆ ಗೊತ್ತಾ? ಸೊಪ್ಪಿನ ಕೆಮ್ಮು ಅಂತಾರೆ. ಸೊಪ್ಪು ಎಲ್ಲವ್ವ ಅದೆ ನಮ್ಮನೇಲಿ?”

ಆಶಾ ಚೀಲದಿಂದ ಯಂತ್ರ ತೆಗೆದಳು. ನಾನು ಕೈ ಹಿಂದಕ್ಕೆಳೆದುಕೊಂಡೆ. ಹೆಂಡತಿ ಜಗಲಿಯ ಮೇಲೆ ನನ್ನ ಪಕ್ಕ ಕೂತು, ಮಣಿಕಟ್ಟು ಹಿಡಿದು, ನನ್ನ ಬೆರಳನ್ನು ತಾನೇ ಆ ಯಂತ್ರದ ಬಾಯಿಗೆ ಇಟ್ಟಳು. ಕೆಂಪು ಅಂಕಿ ಮಿನುಗಿ ಮಿನುಗಿ ಇನ್ನೂ ನಿಂತಿರಲಿಲ್ಲ.

“ಎಷ್ಟು ತೋರುಸ್ತಾ ಅದವ್ವ?” ಎಂದು ಬಗ್ಗಿ ಕೇಳಿದಳು. ಮಣಿಕಟ್ಟು ಬಿಡಲಿಲ್ಲ.